ತೊಟ್ಟಿ ಬೋರಲು ಹಾಕಿದ ಡಾಕ್ಟರು: ಸರ್ ರೊನಾಲ್ಡ್ ರಾಸ್

ಸಹಕಾರ ಸಂಘದ ಬೆಳ್ಳಿಹಬ್ಬದ ಸಂಚಿಕೆ ಅಂದ ಮೇಲೆ ಷೇರು, ಠೇವಣಿ, ಸಾಲ, ವಸೂಲಿ ಇವುಗಳ ವಿಚಾರ ಬರುವುದು ಸಹಜ. ಅದರ ನಡುವೆ ಸೊಳ್ಳೆ ಕಂಡುಹಿಡಿದ ಡಾಕ್ಟರ ಕಥೆ ಏಕೆ ಬಂತು ಅಂತ ಸದಸ್ಯ ಬಂಧುಗಳು ಕೇಳಬಹುದು. ಕಾರಣ ಇದೆ. ದುಡಿಯುವ ಕೈಗೆ ಒಂದು ವಾರ ಜ್ವರ ಬಂದರೆ ಆ ವಾರದ ಸಂಪಾದನೆ ಹೋಯಿತು, ಔಷಧಿಗೆ ಕೈಸಾಲ ಆಯಿತು, ಸಂಘದ ಕಂತು ನಿಂತಿತು. ರೋಗಕ್ಕೂ ಸಾಲಕ್ಕೂ ಇರುವ ನಂಟು ನಮ್ಮ ಸದಸ್ಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನೊಂದು ಕಾರಣ, ಈ ಮಹನೀಯರು ನಮ್ಮ ಬೆಂಗಳೂರಿನಲ್ಲೇ ಇದ್ದು ಕೆಲಸ ಮಾಡಿದವರು. ಅವರು ತೋರಿಸಿಕೊಟ್ಟ ದಾರಿ ಒಬ್ಬ ಮನೆಯವರು ನಡೆದರೆ ಸಾಲದು, ಬೀದಿಯೆಲ್ಲಾ ಸೇರಿ ನಡೆಯಬೇಕಾದದ್ದು. ಆದ್ದರಿಂದ ಸಹಕಾರಿಗಳಾದ ನಾವು ತಿಳಿಯಲೇಬೇಕಾದ ಜೀವನ ಇದು.

ಬಾಲ್ಯ ಮತ್ತು ಓದು

ರೊನಾಲ್ಡ್ ರಾಸ್ ಹುಟ್ಟಿದ್ದು ಹಿಮಾಲಯದ ಮಡಿಲಿನ ಆಲ್ಮೋರಾದಲ್ಲಿ, 1857ರ ಮೇ 13ರಂದು. ಮೀರತ್‌ನಲ್ಲಿ ಸಿಪಾಯಿಗಳು ದಂಗೆ ಎದ್ದು ಆಗಿನ್ನೂ ಮೂರೇ ದಿನ ಆಗಿತ್ತು. ತಂದೆ ಬ್ರಿಟಿಷ್ ಇಂಡಿಯಾ ಸೈನ್ಯದ ಅಧಿಕಾರಿ. ಹುಡುಗನನ್ನು ಎಂಟನೆಯ ವಯಸ್ಸಿಗೆ ಓದಲು ಇಂಗ್ಲೆಂಡಿಗೆ ಕಳಿಸಿದರು. ಅವನಿಗೆ ಮನಸ್ಸಿದ್ದುದು ಕವಿತೆ, ಚಿತ್ರಕಲೆ, ಸಂಗೀತದ ಕಡೆ. ತಂದೆಗೆ ಮಾತ್ರ ಮಗ ಡಾಕ್ಟರಾಗಬೇಕೆಂಬ ಆಸೆ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯು ಆಸ್ಪತ್ರೆಯಲ್ಲಿ ಓದಿದರೂ ಹುಡುಗ ಹೇಳಿಕೊಳ್ಳುವಂಥ ವಿದ್ಯಾರ್ಥಿಯೇನೂ ಆಗಿರಲಿಲ್ಲ. ಒಂದು ಪರೀಕ್ಷೆಯಲ್ಲಿ ಫೇಲಾಗಿ, ಸ್ವಲ್ಪ ಕಾಲ ಹಡಗಿನ ಡಾಕ್ಟರಾಗಿ ದುಡಿದು, ಕೊನೆಗೆ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಭಾರತಕ್ಕೆ ಬಂದರು. ಮುಂದೆ ಲೋಕಪ್ರಸಿದ್ಧರಾದವರೆಲ್ಲಾ ಕ್ಲಾಸಿಗೆ ಮೊದಲು ಬಂದವರೇ ಆಗಿರಬೇಕಾಗಿಲ್ಲ ಅನ್ನುವುದನ್ನು ನಮ್ಮ ಮಕ್ಕಳು ಗಮನಿಸಲಿ.

ದಂಡಿನಲ್ಲಿ ಒಂದು ತೊಟ್ಟಿ

1883ರಲ್ಲಿ ರಾಸ್ ಅವರಿಗೆ ಬೆಂಗಳೂರು ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಹಂಗಾಮಿ ಸೈನಿಕ ಡಾಕ್ಟರಾಗಿ ವರ್ಗವಾಯಿತು. ವಯಸ್ಸು ಇಪ್ಪತ್ತಾರು. ಬೆಂಗಳೂರಿನ ಹವೆ ಅವರಿಗೆ ಬಹಳ ಹಿಡಿಸಿತು, ಸೊಳ್ಳೆ ಮಾತ್ರ ಹಿಡಿಸಲಿಲ್ಲ. ತಾವಿದ್ದ ಬಂಗಲೆಯಲ್ಲಿ ಅಕ್ಕಪಕ್ಕದ ಮನೆಗಳಿಗಿಂತ ಸೊಳ್ಳೆ ಹೆಚ್ಚು. ಏಕಿರಬಹುದು ಅಂತ ಹುಡುಕಿದಾಗ, ಕಿಟಕಿಯ ಹೊರಗೆ ನೀರು ತುಂಬಿಟ್ಟ ಒಂದು ತೊಟ್ಟಿ ಕಂಡಿತು. ಅದರೊಳಗೆ ಮಿಣಮಿಣ ಕುಣಿಯುವ ಹುಳುಗಳು. ಅವೇ ಸೊಳ್ಳೆಯ ಮರಿಗಳು. ರಾಸ್ ತೊಟ್ಟಿಯನ್ನು ಬೋರಲು ಹಾಕಿದರು, ಮನೆಯಲ್ಲಿ ಸೊಳ್ಳೆ ಬಹಳ ಮಟ್ಟಿಗೆ ಇಳಿಯಿತು. ಅಷ್ಟೇ ಪ್ರಯೋಗ. ಖರ್ಚು ಒಂದು ಕಾಸಿಲ್ಲ.

ಉತ್ಸಾಹದಿಂದ ಹೋಗಿ ರೆಜಿಮೆಂಟಿನ ಅಧಿಕಾರಿಗೆ ಹೇಳಿದರು. ಅಧಿಕಾರಿಗಳ ಭೋಜನಶಾಲೆಯ ಸುತ್ತ ಇರುವ ತೊಟ್ಟಿ, ಹೂದಾನಿಗಳನ್ನೂ ಹೀಗೇ ಖಾಲಿ ಮಾಡಿಸೋಣ ಅಂದರು. ಆ ಅಧಿಕಾರಿ ಒಪ್ಪಲೇ ಇಲ್ಲ. ಸೊಳ್ಳೆಯನ್ನೂ ಸೃಷ್ಟಿ ಯಾವುದೋ ಕಾರಣಕ್ಕೆ ಮಾಡಿರುತ್ತದೆ, ಸಹಿಸಿಕೊಂಡು ಇರುವುದೇ ಸರಿ ಎಂಬುದು ಅವರ ವಾದ. ಸೊಳ್ಳೆಗೂ ಜ್ವರಕ್ಕೂ ಸಂಬಂಧ ಇದೆ ಅನ್ನುವುದು ಆಗ ರಾಸ್ ಅವರಿಗೂ ತಿಳಿದಿರಲಿಲ್ಲ ಬಿಡಿ. ಆದರೆ ಮುಂದೆ ಅವರು ಜಗತ್ತಿಗೆಲ್ಲಾ ಸಾರಿದ ಪಾಠದ ಮೊದಲ ಅಕ್ಷರ ತಿದ್ದಿದ್ದು ನಮ್ಮೂರಿನ ಆ ತೊಟ್ಟಿಯ ಬಳಿ. ಎದುರಾದ ಮೊದಲ ಅಡ್ಡಿಯೂ ಇಲ್ಲಿನದೇ.

ಕಣ್ಣಿಗೆ ಕಾಣದ ಜೀವಿಗಳು

ಮುಂದೆ ಹೋಗುವ ಮೊದಲು ಆ ಕಾಲದ ತಿಳಿವಳಿಕೆ ಎಷ್ಟಿತ್ತು ಅಂತ ನೋಡೋಣ. ಚಳಿಜ್ವರ ಕೆಟ್ಟ ಗಾಳಿಯಿಂದ ಬರುತ್ತೆ ಅಂತ ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. ಮಲೇರಿಯಾ ಎಂಬ ಇಟಲಿಯ ಮಾತಿನ ಅರ್ಥವೇ ಕೆಟ್ಟ ಗಾಳಿ. ಆದರೆ ಫ್ರಾನ್ಸಿನ ಲೂಯಿ ಪಾಸ್ಚರ್, ಜರ್ಮನಿಯ ರಾಬರ್ಟ್ ಕಾಕ್ ಇವರ ಕೆಲಸದಿಂದ ಒಂದು ಹೊಸ ಮಾತು ಗಟ್ಟಿಯಾಗುತ್ತಾ ಬಂದಿತ್ತು. ಅಂಟುರೋಗಕ್ಕೆ ಕಾರಣ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಒಂದೊಂದು ರೋಗಕ್ಕೆ ಒಂದೊಂದು ಜೀವಿ ಎಂಬುದೇ ಆ ಮಾತು. 1880ರಲ್ಲಿ ಆಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೈನ್ಯದ ಡಾಕ್ಟರ್ ಲ್ಯಾವೆರಾನ್ ಮಲೇರಿಯಾ ರೋಗಿಯ ರಕ್ತದಲ್ಲೇ ಇಂಥ ಒಂದು ಜೀವಿಯನ್ನು ಕಂಡರು.

ಎಲ್ಲಾ ಸೂಕ್ಷ್ಮಜೀವಿಗಳೂ ಕೆಟ್ಟವಲ್ಲ. ಹಾಲು ಹೆಪ್ಪಾಗುವುದು, ಇಡ್ಲಿ ಹಿಟ್ಟು ಉಬ್ಬುವುದು, ತಿಪ್ಪೆ ಗೊಬ್ಬರವಾಗುವುದು ಇವುಗಳಿಂದಲೇ. ರೋಗ ತರುವವು ಕೆಲವೇ. ಅವುಗಳಲ್ಲೂ ಜಾತಿಗಳಿವೆ. ಕಾಲರಾ, ಕ್ಷಯ, ಟೈಫಾಯಿಡ್ ತರುವವು ಬ್ಯಾಕ್ಟೀರಿಯಾ. ಡೆಂಗಿ, ಸಿಡುಬು, ಪೋಲಿಯೋ ತರುವವು ವೈರಸ್. ಇವು ಇನ್ನೂ ಚಿಕ್ಕವು, ಬೇರೆ ಜೀವಿಯ ಜೀವಕೋಶದೊಳಗೆ ಹೊಕ್ಕಲ್ಲದೆ ಬೆಳೆಯಲಾರವು. ಮಲೇರಿಯಾ ತರುವುದು ಇವೆರಡೂ ಅಲ್ಲ, ಒಂದೇ ಜೀವಕೋಶದ ಪರಾವಲಂಬಿ ಪ್ರಾಣಿ. ಪ್ಲಾಸ್ಮೋಡಿಯಂ ಅಂತ ಅದರ ಹೆಸರು. ಜಾತಿ ಯಾವುದಾದರೂ ಇರಲಿ, ಒಂದು ದೇಹ ಬಿಟ್ಟು ಇನ್ನೊಂದಕ್ಕೆ ಹೋಗಲು ಅದಕ್ಕೆ ಒಂದು ದಾರಿ ಬೇಕೇ ಬೇಕು. ನೀರೋ, ಉಸಿರೋ, ಕೈಯೋ, ಕೀಟವೋ. ಆ ದಾರಿ ಕಂಡುಹಿಡಿದು ಕಡಿದುಬಿಟ್ಟರೆ ರೋಗ ಹರಡುವುದು ನಿಲ್ಲುತ್ತೆ. ರಾಸ್ ಅವರ ಬದುಕೆಲ್ಲಾ ಈ ದಾರಿಯ ಹುಡುಕಾಟವೇ.

1894ರಲ್ಲಿ ರಜದ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರ ಪರಿಚಯವಾಯಿತು. ಆನೆಕಾಲು ರೋಗದ ಹುಳು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತೆ ಅಂತ ಚೀನಾದಲ್ಲಿದ್ದಾಗ ತೋರಿಸಿದವರು ಅವರು. ಅಲ್ಲಿಯವರೆಗೆ ಲ್ಯಾವೆರಾನ್ ಮಾತನ್ನೇ ನಂಬದಿದ್ದ ರಾಸ್‌ಗೆ ಮ್ಯಾನ್ಸನ್ ಸೂಕ್ಷ್ಮದರ್ಶಕದಲ್ಲಿ ಮಲೇರಿಯಾ ಜೀವಿಯನ್ನು ತೋರಿಸಿದರು. ಇದಕ್ಕೂ ಸೊಳ್ಳೆಗೂ ಸಂಬಂಧ ಇರಬಹುದು, ಭಾರತದಲ್ಲಿ ಇರುವ ನೀನು ಹುಡುಕು ಅಂತ ಹುರಿದುಂಬಿಸಿದರು. ರಾಸ್ ಅದನ್ನೇ ವ್ರತದಂತೆ ಹಿಡಿದರು.

ಬೆಂಗಳೂರಿನ ಕಾಲರಾ

1895ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆ ಕೊಯ್ದು ನೋಡುವ ಕೆಲಸ ಶುರುವಾಗಿತ್ತು ಅನ್ನುವಾಗ, ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಬಾ ಅಂತ ಹುಕುಂ ಬಂತು. ಊರಿನಲ್ಲಿ ಕಾಲರಾ, ಅಂದರೆ ವಾಂತಿಭೇದಿ, ಎದ್ದಿತ್ತು. ಆಗಿನ್ನೂ ಹೆಸರಘಟ್ಟದ ನಲ್ಲಿ ನೀರು ಊರಿಗೆ ಬಂದಿರಲಿಲ್ಲ, ಅದು ಬಂದದ್ದು 1896ರಲ್ಲಿ. ಜನರ ಬಾಯಿಗೆ ಕೆರೆ, ಬಾವಿಗಳ ನೀರೇ ಗತಿ. ಧರ್ಮಾಂಬುಧಿ ಕೆರೆ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ, ನಮ್ಮ ವಿಲ್ಸನ್ ಗಾರ್ಡನ್ ಪಕ್ಕದ ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಸ್ಟೇಡಿಯಂ ಆಗಿವೆ. ನಮ್ಮ ಅಜ್ಜ ಅಜ್ಜಿಯರ ಕಾಲಕ್ಕೆ ಇವೆಲ್ಲಾ ನೀರು ತುಂಬಿದ ಕೆರೆಗಳು.

ಕಾಲರಾದ ಬ್ಯಾಕ್ಟೀರಿಯಾ ರೋಗಿಯ ಮಲದಲ್ಲಿ ಹೊರಬಿದ್ದು ನೀರು ಸೇರುತ್ತೆ. ಆ ನೀರು ಕುಡಿದವರ ಸಣ್ಣ ಕರುಳಿನಲ್ಲಿ ನೆಲೆಯೂರಿ ಒಂದು ಬಗೆಯ ವಿಷ ಬಿಡುತ್ತೆ. ಆ ವಿಷದಿಂದ ಮೈಯ ನೀರು, ಉಪ್ಪು ಎಲ್ಲಾ ಕರುಳಿಗೆ ಇಳಿದು ಗಂಜಿ ತಿಳಿಯಂತೆ ಹೊರಟುಹೋಗುತ್ತೆ. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವರು ಸಂಜೆಗೆ ಇಲ್ಲವಾಗುತ್ತಿದ್ದುದು ಹೀಗೆ. ಕಳೆದುಹೋದ ನೀರು, ಉಪ್ಪನ್ನು ಕೂಡಲೇ ತುಂಬಿಕೊಟ್ಟರೆ ಹೆಚ್ಚಿನವರು ಬದುಕುತ್ತಾರೆ ಅನ್ನುವುದು ಇಂದು ಓ.ಆರ್.ಎಸ್. ಪೊಟ್ಟಣ ಕಂಡ ಪ್ರತಿ ತಾಯಿಗೂ ಗೊತ್ತು. ಅಂದು ಆ ತಿಳಿವಳಿಕೆ ಇರಲಿಲ್ಲ.

ರಾಸ್‌ಗೆ ಮೊದಮೊದಲು ಈ ಕೆಲಸ ಬೇಸರವೇ. ಸೊಳ್ಳೆ ಬಿಟ್ಟು ಚರಂಡಿ, ಬಾವಿ, ಕಕ್ಕಸುಗಳ ಹಿಂದೆ ಅಲೆಯಬೇಕಾಯಿತು. ಆದರೂ ಕೆಲಸದಲ್ಲಿ ಕಳ್ಳಾಟ ಮಾಡಲಿಲ್ಲ. ಬೆಂಗಳೂರಿನ ಕಾಲರಾ ಮತ್ತು ನೈರ್ಮಲ್ಯದ ಬಗ್ಗೆ ಒಂದು ದೊಡ್ಡ ವರದಿಯನ್ನೇ ಬರೆದು ಸರ್ಕಾರಕ್ಕೆ ಕೊಟ್ಟರು. ರೋಗ ತಡೆಯುವುದು ಔಷಧಿ ಬಾಟಲಿಯಿಂದ ಮಾತ್ರ ಆಗುವ ಕೆಲಸವಲ್ಲ, ಚರಂಡಿ ನೋಡುವವನು, ಲೆಕ್ಕ ಬರೆಯುವವನು, ಹಣ ಮಂಜೂರು ಮಾಡುವವನು ಎಲ್ಲರೂ ಸೇರಿದರೇ ಆಗುವುದು ಎಂಬ ಪಾಠವನ್ನು ಅವರು ಕಲಿತದ್ದು ಇಲ್ಲಿ.

ಬೌರಿಂಗ್ ಆಸ್ಪತ್ರೆಯ ಅಪ್ಪಯ್ಯ

ಕಾಲರಾ ಕೆಲಸದ ನಡುವೆ ಬಿಡುವು ಸಿಕ್ಕಾಗ ಸೊಳ್ಳೆ ಪ್ರಯೋಗ ಬಿಡಲಿಲ್ಲ. ಸೊಳ್ಳೆ ಸತ್ತ ನೀರು ಕುಡಿದು ಮಲೇರಿಯಾ ಬರುತ್ತೆ ಎಂಬುದು ಮ್ಯಾನ್ಸನ್ ಅವರ ಊಹೆ. ಕುಡಿಸಿ ನೋಡಿದ ರಾಸ್‌ಗೆ ಅದು ಸರಿ ಹೊಂದಲಿಲ್ಲ. ಕಚ್ಚುವುದರಿಂದಲೇ ಇರಬೇಕು ಅಂತ ಅನುಮಾನ ಹುಟ್ಟಿತು. ಆದರೆ ಕಚ್ಚಿಸಿಕೊಳ್ಳುವವರು ಯಾರು? ಆಗ ಮುಂದೆ ಬಂದವರು ಬೌರಿಂಗ್ ಆಸ್ಪತ್ರೆಯ ಅಸಿಸ್ಟೆಂಟ್ ಸರ್ಜನ್ ಒಬ್ಬರು. ಇಂಗ್ಲಿಷಿನಲ್ಲಿ ಅವರ ಹೆಸರು ಅಪ್ಪಿಯಾ ಅಂತಿದೆ, ನಮ್ಮ ಕಿವಿಗೆ ಅದು ಅಪ್ಪಯ್ಯ ಅಂತಲೇ ಕೇಳುತ್ತೆ. ಮಲೇರಿಯಾ ರೋಗಿಯ ರಕ್ತ ಹೀರಿದ ಸೊಳ್ಳೆಗಳಿಗೆ ಅವರು ತಮ್ಮ ಮೈಯನ್ನೇ ಒಡ್ಡಿದರು. ಪುಣ್ಯಕ್ಕೆ ಜ್ವರ ಬರಲಿಲ್ಲ.

ಏಕೆ ಬರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು. ರಾಸ್ ಬಳಸುತ್ತಿದ್ದವು ಮನೆಯಲ್ಲಿ ಸಾಮಾನ್ಯವಾಗಿ ಸಿಗುವ ಬೂದು ಸೊಳ್ಳೆ ಮತ್ತು ಪಟ್ಟೆ ಸೊಳ್ಳೆ. ಮನುಷ್ಯರ ಮಲೇರಿಯಾ ಹೊರುವ ಸೊಳ್ಳೆಯೇ ಬೇರೆ. ಪ್ರಯೋಗ ಸೋತಿತು ಅಂತ ಅಪ್ಪಯ್ಯನವರ ಧೈರ್ಯ ಸೋತಂತಾಗುವುದಿಲ್ಲ. ಪ್ರಾಣ ಹೋದರೂ ಹೋಗಬಹುದು ಅಂತ ತಿಳಿದೇ ತೋಳು ಚಾಚಿದವರು ಅವರು. ರಾಸ್ ಅವರ ಹೆಸರಿನಲ್ಲಿ ಬೀದಿ, ಕಟ್ಟಡಗಳಾದವು. ಅಪ್ಪಯ್ಯನವರ ಹೆಸರು ನಮ್ಮೂರಿನವರಾದ ನಮಗೇ ಗೊತ್ತಿಲ್ಲ. ಈ ಬೆಳ್ಳಿಹಬ್ಬದ ಪುಟದಲ್ಲಾದರೂ ಆ ಹೆಸರು ಇರಲಿ ಅನ್ನುವುದು ನಮ್ಮ ಆಸೆ.

ಚುಕ್ಕೆ ರೆಕ್ಕೆಯ ಸೊಳ್ಳೆ

1897ರ ಬೇಸಿಗೆಯಲ್ಲಿ ರಜ ಹಾಕಿ ಊಟಿಗೆ ಹೋದ ರಾಸ್, ಅಲ್ಲಿಂದ ಮೈಸೂರು ಸೀಮೆಯ ಕಡೆಗೆ ಇಳಿಯುವ ಸೀಗೂರು ಘಾಟಿನ ಮಲೇರಿಯಾ ಪ್ರದೇಶಕ್ಕೆ ಹೋದರು. ಸೊಳ್ಳೆ ಪರದೆ ಕಟ್ಟಿಕೊಂಡೇ ಮಲಗಿದರೂ ಅವರಿಗೇ ಮಲೇರಿಯಾ ಬಂತು. ಜ್ವರ ಇಳಿದ ಮೇಲೂ ಹಠ ಇಳಿಯಲಿಲ್ಲ. ಜೂನ್ ತಿಂಗಳಲ್ಲಿ ಸಿಕಂದರಾಬಾದಿಗೆ ಮರಳಿ ಮತ್ತೆ ಸೊಳ್ಳೆ ಕೊಯ್ಯಲು ಕುಳಿತರು. ಬೆಂಕಿಯಂಥ ಸೆಖೆ. ಪಂಖಾ ಬೀಸಿಸುವಂತಿಲ್ಲ, ಬೀಸಿದರೆ ಸೊಳ್ಳೆಯ ಚೂರುಗಳು ಹಾರಿಹೋಗುತ್ತವೆ. ಹಣೆಯ ಬೆವರು ಬಿದ್ದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು.

ಆಗಸ್ಟಿನಲ್ಲಿ ರೆಕ್ಕೆಯ ಮೇಲೆ ಚುಕ್ಕೆ ಇರುವ ಕಂದು ಬಣ್ಣದ ಒಂದಷ್ಟು ಸೊಳ್ಳೆಗಳು ಸಿಕ್ಕವು. ಇಂದು ನಾವು ಅನಾಫಿಲಿಸ್ ಅನ್ನುವ ಜಾತಿ ಅದು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಗೆ ಸೊಳ್ಳೆಗೊಂದು ಆಣೆಯಂತೆ ಕೊಟ್ಟು ಅವುಗಳಿಂದ ಕಚ್ಚಿಸಿದರು. ಬಡವನ ರಕ್ತಕ್ಕೆ ಅಂದಿನ ಬೆಲೆ ಅಷ್ಟು. ನಾಲ್ಕು ದಿನ ಬಿಟ್ಟು, ಆಗಸ್ಟ್ 20ರಂದು, ಉಳಿದಿದ್ದ ಸೊಳ್ಳೆಯ ಹೊಟ್ಟೆ ಬಿಡಿಸಿ ನೋಡುವಾಗ ಹೊಟ್ಟೆಯ ಗೋಡೆಯಲ್ಲಿ ದುಂಡನೆಯ ಗಂಟುಗಳು ಕಂಡವು. ಅವುಗಳೊಳಗೆ ಕಪ್ಪು ಪುಡಿ. ಮಲೇರಿಯಾ ಜೀವಿ ಮನುಷ್ಯನ ಕೆಂಪು ರಕ್ತಕಣವನ್ನು ತಿಂದಾಗ ಉಳಿಯುವ ಕಪ್ಪು ಪುಡಿಯೇ ಅದು, ಸೊಳ್ಳೆಗೆ ಅದು ಬೇರೆಲ್ಲಿಂದಲೂ ಬರುವಂತಿಲ್ಲ. ಮನುಷ್ಯನಲ್ಲಿದ್ದ ಜೀವಿ ಸೊಳ್ಳೆಯೊಳಗೆ ಬೆಳೆಯುತ್ತಿರುವುದು ಮೊದಲ ಬಾರಿಗೆ ಕಣ್ಣಿಗೆ ಕಂಡಿತು. ಆಗಸ್ಟ್ 20 ಇಂದಿಗೂ ವಿಶ್ವ ಸೊಳ್ಳೆ ದಿನ.

ಇಷ್ಟರಲ್ಲೇ ಮತ್ತೆ ವರ್ಗ. ರಾಜಪುಟಾಣಕ್ಕೆ ಹೋಗಿ, 1898ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿ ಪ್ಲೇಗಿನ ಗಲಾಟೆಯಿಂದ ಹೆದರಿದ್ದ ಜನ ಬೆರಳು ಚುಚ್ಚಿಸಿಕೊಳ್ಳಲು ಬರುತ್ತಿರಲಿಲ್ಲ. ರಾಸ್ ಹಕ್ಕಿಗಳ ಮಲೇರಿಯಾ ಹಿಡಿದರು. ಮಹಮ್ಮದ್ ಬಕ್ಷ್ ಎಂಬ ಸಹಾಯಕ ಸೊಳ್ಳೆ ಸಾಕಿ, ಹಕ್ಕಿ ನೋಡಿಕೊಂಡು ನೆರವಾದ. ಆ ಜುಲೈನಲ್ಲಿ ದಾರಿ ಪೂರ್ತಿ ಸಿಕ್ಕಿತು. ಸೊಳ್ಳೆಯ ಹೊಟ್ಟೆಯ ಗಂಟು ಒಡೆದು ದಾರದೆಳೆಯಂಥ ಜೀವಿಗಳು ಹೊರಬಂದು ಅದರ ಎಂಜಲಿನ ಗ್ರಂಥಿ ಸೇರುತ್ತವೆ, ಮುಂದೆ ಕಚ್ಚಿದಾಗ ಆ ಎಂಜಲಿನ ಜೊತೆ ಹೊಸ ದೇಹಕ್ಕೆ ಇಳಿಯುತ್ತವೆ. ರೋಗ ಹೊತ್ತ ಸೊಳ್ಳೆಯಿಂದ ಕಚ್ಚಿಸಿದಾಗ ಆರೋಗ್ಯವಾಗಿದ್ದ ಗುಬ್ಬಚ್ಚಿಗಳಿಗೂ ರೋಗ ಬಂತು. ಮನುಷ್ಯರ ಮಲೇರಿಯಾಕ್ಕೂ ಇದೇ ದಾರಿ, ಅದು ಅನಾಫಿಲಿಸ್ ಸೊಳ್ಳೆಯಲ್ಲಿ ಅಂತ ಇಟಲಿಯ ಗ್ರಾಸಿ ಮತ್ತು ಸಂಗಡಿಗರು ಅದೇ ವರ್ಷ ಸಾಧಿಸಿದರು. ಯಾರು ಮೊದಲು ಅನ್ನುವ ಬಗ್ಗೆ ರಾಸ್‌ಗೂ ಗ್ರಾಸಿಗೂ ಬಹುಕಾಲ ಕಹಿಯಾದ ಜಗಳ ನಡೆಯಿತು. ದೊಡ್ಡವರಲ್ಲೂ ಇಂಥ ಸಣ್ಣತನ ಇರುತ್ತೆ, ಮುಚ್ಚಿಡುವುದೇನು.

ಈ ರೋಗದ ಬಗೆ ಹೀಗೆ. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ, ಮೊಟ್ಟೆಗೆ ಅದಕ್ಕೆ ರಕ್ತ ಬೇಕು. ಒಳಹೊಕ್ಕ ಜೀವಿ ಮೊದಲು ಪಿತ್ತಜನಕಾಂಗದಲ್ಲಿ ಬೆಳೆದು, ಆಮೇಲೆ ರಕ್ತಕಣಗಳನ್ನು ಹೊಕ್ಕು, ಬೆಳೆದು, ಕಣಗಳನ್ನು ಒಟ್ಟಿಗೇ ಒಡೆದು ಹೊರಬರುತ್ತೆ. ಒಡೆದಾಗಲೆಲ್ಲಾ ಗಡಗಡ ಚಳಿ, ಸುಡುವ ಜ್ವರ, ಬೆವರು. ದಿನ ಬಿಟ್ಟು ದಿನ ಚಳಿಜ್ವರ ಬರುತ್ತಿದ್ದುದರ ಗುಟ್ಟು ಇದು. ಸೊಳ್ಳೆಯೊಳಗೆ ಜೀವಿ ಹದವಾಗಲು ಹತ್ತು ದಿನಕ್ಕೂ ಮೇಲೆ ಬೇಕು. ಆದ್ದರಿಂದ ಒಬ್ಬ ರೋಗಿಗೆ ಬೇಗ ಮದ್ದು ಕೊಟ್ಟರೆ, ಅಕ್ಕಪಕ್ಕದವರನ್ನೂ ಕಾಪಾಡಿದ ಹಾಗೆ.

ಸಾಲದ ಲೆಕ್ಕದಂಥ ಲೆಕ್ಕ

1899ರಲ್ಲಿ ರಾಸ್ ಭಾರತ ಬಿಟ್ಟು ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆ ಸೇರಿದರು. 1902ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅದೇ ವರ್ಷ, ಸೊಳ್ಳೆ ವಿರುದ್ಧ ಊರಿನ ಪಡೆಗಳನ್ನು ಕಟ್ಟುವುದು ಹೇಗೆ ಅಂತ ಒಂದು ಪುಸ್ತಕ ಬರೆದರು. ಪಶ್ಚಿಮ ಆಫ್ರಿಕಾ, ಸೂಯೆಜ್ ಕಾಲುವೆಯ ಇಸ್ಮಾಯಿಲಿಯಾ, ಮಾರಿಷಸ್ ಹೀಗೆ ಊರೂರು ಸುತ್ತಿ ನಿಂತ ನೀರು ತೆಗೆಸುವ ದಾರಿ ತೋರಿಸಿದರು. ಬೆಂಗಳೂರಿನ ದಂಡಿನಲ್ಲಿ ಒಬ್ಬ ಅಧಿಕಾರಿ ಬೇಡವೆಂದದ್ದನ್ನು ಅವರು ಲೋಕಕ್ಕೆಲ್ಲಾ ಹೇಳಿದರು.

ರಾಸ್ ಒಳ್ಳೆಯ ಗಣಿತಜ್ಞರೂ ಹೌದು. ಸೊಳ್ಳೆಯನ್ನು ಪೂರ್ತಿ ಕೊಲ್ಲಲು ಆಗುತ್ತದೆಯೇ ಅಂತ ಜನ ಆಡಿಕೊಳ್ಳುತ್ತಿದ್ದರು. ಪೂರ್ತಿ ಕೊಲ್ಲಬೇಕಾಗಿಲ್ಲ, ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಿದರೆ ಸಾಕು, ರೋಗ ತಾನೇ ಕರಗುತ್ತೆ ಅಂತ ಅವರು ಲೆಕ್ಕ ಹಾಕಿ ತೋರಿಸಿದರು. ಸಂಘದ ಸದಸ್ಯರಿಗೆ ಈ ಲೆಕ್ಕ ಸುಲಭ. ತಿಂಗಳ ಬಡ್ಡಿಗಿಂತ ಕಟ್ಟುವ ಕಂತು ಕಡಿಮೆಯಾದರೆ ಸಾಲ ಬೆಳೆಯುತ್ತಲೇ ಹೋಗುತ್ತೆ. ಬಡ್ಡಿ ದಾಟಿ ಸ್ವಲ್ಪ ಹೆಚ್ಚು ಕಟ್ಟಿದರೂ ಅಸಲು ಇಳಿಯಲು ಶುರುವಾಗಿ ಒಂದು ದಿನ ತೀರುತ್ತೆ. ರೋಗವೂ ಹಾಗೇ. ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಅಂಟಿದರೆ ಅದು ಬೆಳೆಯುತ್ತೆ, ಒಬ್ಬರಿಗಿಂತ ಕಡಿಮೆಯಾದರೆ ತೀರುತ್ತೆ. ಇಂದಿಗೂ ಸಾಂಕ್ರಾಮಿಕ ರೋಗಗಳ ಲೆಕ್ಕ ಹಾಕುವವರು ರಾಸ್ ಹಾಕಿದ ಅಡಿಪಾಯದ ಮೇಲೆಯೇ ನಿಂತಿದ್ದಾರೆ. ಆದರೆ ಕಂತು ತಪ್ಪಬಾರದು. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಅಂತ ಅಂದಾಜು. 1953ರಿಂದ ನಡೆದ ರಾಷ್ಟ್ರೀಯ ಕಾರ್ಯಕ್ರಮದಿಂದ ಅದು ಒಂದು ಲಕ್ಷದ ಮಟ್ಟಕ್ಕೆ ಇಳಿಯಿತು. ಗೆದ್ದೆವು ಅಂತ ಕೈ ಸಡಿಲ ಬಿಟ್ಟಾಗ 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿತು. ಮತ್ತೆ ಕೆಳಗೆ ಇಳಿಸಲು ದಶಕಗಳೇ ಹಿಡಿದವು.

1911ರಲ್ಲಿ ಸರ್ ಪದವಿಯ ಗೌರವ ಪಡೆದ ರಾಸ್, 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತಮ್ಮ ಹೆಸರಿನ ಸಂಸ್ಥೆಯಲ್ಲೇ ತೀರಿಕೊಂಡರು.

ನಾವು ಮಾಡಬೇಕಾದ್ದು

ಇಂದು ನಮ್ಮ ಬೀದಿಗಳಿಗೆ ಮಲೇರಿಯಾಕ್ಕಿಂತ ಡೆಂಗಿಯ ಕಾಟ ಹೆಚ್ಚು. ಅದನ್ನು ಹೊರುವುದು ಹಗಲು ಕಚ್ಚುವ ಪಟ್ಟೆ ಕಾಲಿನ ಈಡಿಸ್ ಸೊಳ್ಳೆ. ಚರಂಡಿಯ ಕೊಳಚೆಗಿಂತ ನಾವು ಜೋಪಾನವಾಗಿ ಹಿಡಿದಿಟ್ಟ ತಿಳಿನೀರೇ ಅದಕ್ಕೆ ಇಷ್ಟ. ಮುಚ್ಚಳ ಇಲ್ಲದ ಡ್ರಮ್ಮು, ಸಂಪು, ಓವರ್‌ಹೆಡ್ ಟ್ಯಾಂಕು, ಹೂಕುಂಡದ ತಟ್ಟೆ, ಹಳೇ ಟೈರು, ತೆಂಗಿನ ಚಿಪ್ಪು, ಹಿತ್ತಲಲ್ಲಿ ಮಳೆನೀರು ತುಂಬಿದ ಹಳೆಯ ಒರಳುಕಲ್ಲು, ಇವೇ ಅದರ ಹೆರಿಗೆ ಮನೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಂದು ದಿನ ಎಲ್ಲಾ ಖಾಲಿ ಮಾಡಿ, ಒಳಗೋಡೆ ಉಜ್ಜಿ, ಒಣಗಿಸಿ, ಮುಚ್ಚಿಟ್ಟರೆ ಮರಿ ಹಾರುವ ಮೊದಲೇ ಕೆಲಸ ಮುಗಿಯಿತು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಅಂತ ನಿಯಮ ಮಾಡಿತು. ರಾಸ್ ತೊಟ್ಟಿ ಬೋರಲು ಹಾಕಿದ 141 ವರ್ಷಕ್ಕೆ ಅವರ ಮಾತು ಅವರು ಹೇಳಿದ ಊರಿನಲ್ಲಿ ಕಾಯಿದೆಯಾಯಿತು.

ದಂಡಕ್ಕೆ ಹೆದರಿ ಮಾಡುವುದಕ್ಕಿಂತ ಒಪ್ಪಿ ಮಾಡುವುದು ಮೇಲು. ನಮ್ಮ ಮನೆಯ ಡ್ರಮ್ಮು ನಾವು ಮುಚ್ಚಿದರೂ ಪಕ್ಕದ ಮನೆಯ ಸೊಳ್ಳೆಗೆ ಕಾಂಪೌಂಡು ಗೋಡೆ ಲೆಕ್ಕವಿಲ್ಲ. ಒಬ್ಬರ ಬಾಕಿ ಹೇಗೆ ಸಂಘಕ್ಕೆಲ್ಲಾ ಹೊರೆಯೋ, ಒಬ್ಬರ ತೊಟ್ಟಿ ಹಾಗೆ ಬೀದಿಗೆಲ್ಲಾ ಹೊರೆ. ಸಂಘದ ಸದಸ್ಯರು ಬೀದಿಗೆ ನಾಲ್ಕು ಜನರಂತೆ ಸೇರಿ, ಪ್ರತಿ ಭಾನುವಾರ ಅರ್ಧ ಗಂಟೆ ಅಕ್ಕಪಕ್ಕದ ಮನೆಗಳಿಗೆ ಹೋಗಿ ಬರುವುದಾದರೆ, ವಯಸ್ಸಾದವರ ಮನೆಯ ತೊಟ್ಟಿಯನ್ನು ತಾವೇ ತೊಳೆದುಕೊಡುವುದಾದರೆ, ಇದಕ್ಕಿಂತ ದೊಡ್ಡ ಬೆಳ್ಳಿಹಬ್ಬದ ಕಾರ್ಯಕ್ರಮ ಬೇಕಾಗಿಲ್ಲ. ಬಂಡವಾಳ ಬೇಡ, ಮಂಜೂರಾತಿ ಬೇಡ. ಬರುವ ಭಾನುವಾರದಿಂದಲೇ ಶುರು ಮಾಡೋಣ.